ಎಕ್ಸೋಸೋಮ್ ಗಲಾಟೆ ಮತ್ತು ಜೀವಕೋಶದ ಉಗ್ರಾಣ: ಕೂಡಿಡೋದು ಹೇಗೆ, ಬಿಡೋದು ಯಾವಾಗ

ಈಗೀಗ ಚರ್ಮದ ಕ್ಲಿನಿಕ್ಕು, ಕೂದಲು ಉದುರೋದಕ್ಕೆ ಟ್ರೀಟ್‌ಮೆಂಟು, ಮಂಡಿನೋವಿಗೆ ಇಂಜೆಕ್ಷನ್ನು, ಎಲ್ಲಿ ನೋಡಿದ್ರೂ ಎಕ್ಸೋಸೋಮ್ ಅನ್ನೋ ಹೆಸರು ಕೇಳಿಬರ್ತಿದೆ. ಸ್ಟೆಮ್ ಸೆಲ್ ಹಳೇದಾಯ್ತು, ಈಗ ಸೆಲ್ಲೇ ಬೇಡ, ಅದು ಹೊರಗೆ ಬಿಡೋ ಪುಟ್ಟ ಪುಟ್ಟ ಚೀಲಗಳನ್ನ ಮಾತ್ರ ತೆಗೆದು ಚುಚ್ಚಿದ್ರೆ ಸಾಕು, ಸವೆದಿದ್ದೆಲ್ಲ ಚಿಗುರತ್ತೆ ಅಂತ ಪ್ರಚಾರ. ಇದ್ರಲ್ಲಿ ನಿಜ ಎಷ್ಟು, ಗಾಳಿ ಎಷ್ಟು ಅಂತ ತೂಗಬೇಕಂದ್ರೆ ಮೊದಲು ಜೀವಕೋಶ ಈ ಚೀಲಗಳನ್ನ ಯಾಕೆ ಇಟ್ಕೊಂಡಿದೆ, ಯಾವಾಗ ಬಾಯಿ ಬಿಚ್ಚತ್ತೆ, ಯಾವಾಗ ಬಿಚ್ಚಲ್ಲ ಅನ್ನೋದು ಗೊತ್ತಿರಬೇಕು. ನನಗೆ ಕಾಣೋ ಹಾಗೆ ಈ ಇಡೀ ವ್ಯವಸ್ಥೆಯ ಜಾಣತನ ಇರೋದು ಬಿಡೋದ್ರಲ್ಲಿ ಅಲ್ಲ, ತಡೆದು ಹಿಡ್ಕೊಳ್ಳೋದ್ರಲ್ಲಿ. ಬೊಟಾಕ್ಸ್‌ನಿಂದ ಹಿಡಿದು ಶುಗರ್ ಮಾತ್ರೆ ತನಕ ನಮ್ಮ ಎಷ್ಟೋ ಔಷಧಿಗಳು ಕೈ ಹಾಕೋದು ಈ ತಡೆ ಇರೋ ಜಾಗಕ್ಕೇನೇ, ಎಕ್ಸೋಸೋಮ್ ಮಾರೋರು ಬಾಯಿ ಬಿಡದೇ ಇರೋದೂ ಇದರ ಬಗ್ಗೇನೇ.

ಮೊದಲು ಈ ಚೀಲ ಅಂದ್ರೆ ಏನು ಅಂತ ನೋಡಿಬಿಡೋಣ. ಜೀವಕೋಶಕ್ಕೆ ಹೊರಗಡೆ ಒಂದು ಪೊರೆ ಇರತ್ತೆ, ಕೊಬ್ಬಿನ ಕಣಗಳು ಎರಡು ಪದರವಾಗಿ ಜೋಡಿಸಿಕೊಂಡು ಆಗಿರೋದು. ಒಳಗಡೇನೂ ಅದೇ ಥರದ ಪೊರೆಯಿಂದ ಆದ ಗುಂಡಗಿನ ಚೀಲಗಳು ಓಡಾಡ್ತಿರತ್ವೆ, ಅವೇ ವೆಸಿಕಲ್‌ಗಳು. ಇನ್ಸುಲಿನ್ ಥರದ ಹಾರ್ಮೋನು, ಎಂಜೈಮು, ನರದ ಸಂದೇಶವಾಹಕ ರಾಸಾಯನಿಕ ಇವೆಲ್ಲ ನೀರಲ್ಲಿ ಕರಗೋ ವಸ್ತುಗಳು, ಕೊಬ್ಬಿನ ಪೊರೆಯನ್ನ ತಾವಾಗಿ ದಾಟಕ್ಕಾಗಲ್ಲ. ಅದಕ್ಕೆ ಜೀವಕೋಶ ಅವನ್ನ ಚೀಲಕ್ಕೆ ತುಂಬತ್ತೆ, ಚೀಲವನ್ನ ಹೊರಪೊರೆ ಹತ್ರ ತರತ್ತೆ, ಎರಡೂ ಪೊರೆ ಒಂದಾಗಿ ಬೆಸೆದುಕೊಂಡಾಗ ಚೀಲದ ಒಳಗಿದ್ದದ್ದು ಜೀವಕೋಶದ ಹೊರಗೆ ಬಂದಿರತ್ತೆ. ಏನೂ ಹರಿಯಲ್ಲ, ತೂತಾಗಲ್ಲ, ಚೀಲದ ಪೊರೆ ಹೊರಪೊರೆಗೆ ಸೇರಿಹೋಗತ್ತೆ ಅಷ್ಟೇ. ಇದಕ್ಕೆ ಎಕ್ಸೋಸೈಟೋಸಿಸ್ ಅಂತಾರೆ.

ಇದು ಎರಡು ಥರ ನಡೆಯತ್ತೆ. ಒಂದು ಸದಾ ನಡೀತಾ ಇರೋದು, ಯಾರ ಅಪ್ಪಣೆಗೂ ಕಾಯಲ್ಲ, ಲಿವರ್ ಸೆಲ್‌ಗಳು ರಕ್ತಕ್ಕೆ ಆಲ್ಬುಮಿನ್ ಬಿಡೋದು ಹೀಗೇನೇ, ತಯಾರಾದ ಹಾಗೆ ಹೊರಗೆ. ಇನ್ನೊಂದು ಮುಂಚೆನೇ ತಯಾರು ಮಾಡಿ, ಗಟ್ಟಿಯಾಗಿ ಪ್ಯಾಕ್ ಮಾಡಿ, ಸಿಗ್ನಲ್ ಬರೋ ತನಕ ಇಟ್ಕೊಂಡು ಕೂರೋದು. ಆಸಕ್ತಿ ಹುಟ್ಟಿಸೋದು ಈ ಎರಡನೇದೇ. ಇದರ ದಾರಿಯನ್ನ ಮೊದಲು ಸರಿಯಾಗಿ ಗುರುತು ಮಾಡಿದ್ದು ಜಾರ್ಜ್ ಪಲಾಡೆ. ಪ್ಯಾಂಕ್ರಿಯಾಸ್‌ನ ಸೆಲ್‌ಗಳಿಗೆ ಕೆಲವೇ ನಿಮಿಷ ರೇಡಿಯೋಆಕ್ಟಿವ್ ಅಮೈನೋ ಆಸಿಡ್ ಕೊಟ್ಟು, ಆಮೇಲೆ ಮಾಮೂಲಿ ಅಮೈನೋ ಆಸಿಡ್ ಕೊಟ್ಟು, ಆ ಗುರುತು ಇರೋ ಪ್ರೋಟೀನು ಯಾವ ಹೊತ್ತಿಗೆ ಎಲ್ಲಿದೆ ಅಂತ ಹಿಂಬಾಲಿಸಿದ್ರು. ಮೊದಲು ಪ್ರೋಟೀನ್ ತಯಾರಾಗೋ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಆಮೇಲೆ ಅದನ್ನ ವಿಂಗಡಿಸಿ ಪ್ಯಾಕ್ ಮಾಡೋ ಗಾಲ್ಜಿ, ಆಮೇಲೆ ಶೇಖರಣೆಯ ಕಣ ಅಂದ್ರೆ ಸರಕು ತುಂಬಿದ ಚೀಲ, ಕೊನೆಗೆ ಹೊರಗೆ. ಈ ಕೆಲಸಕ್ಕೆ 1974ರಲ್ಲಿ ಆಲ್ಬರ್ಟ್ ಕ್ಲಾಡ್ ಮತ್ತು ಕ್ರಿಶ್ಚಿಯನ್ ಡಿ ಡುವ್ ಜೊತೆ ಅವರಿಗೆ ನೊಬೆಲ್ ಬಂತು.

ಇನ್ಸುಲಿನ್ ವಿಷಯ ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕಂದ್ರೆ ಕೂಡಿಡೋದು ಅಂದ್ರೆ ಏನು ಅನ್ನೋದು ಇಲ್ಲಿ ಸ್ಪಷ್ಟವಾಗಿ ಕಾಣತ್ತೆ. ಪ್ಯಾಂಕ್ರಿಯಾಸ್‌ನ ಬೀಟಾ ಸೆಲ್ಲು ನೇರವಾಗಿ ಇನ್ಸುಲಿನ್ ಮಾಡಲ್ಲ, ಪ್ರೋಇನ್ಸುಲಿನ್ ಅನ್ನೋ ಉದ್ದನೆ ಪ್ರೋಟೀನ್ ಮಾಡತ್ತೆ, ಅದು ಚೀಲಕ್ಕೆ ಸೇರಿದ ಮೇಲೆ ಅಲ್ಲಿರೋ ಎಂಜೈಮ್‌ಗಳು ಮಧ್ಯದ ಒಂದು ತುಂಡನ್ನ ಕತ್ತರಿಸಿ ತೆಗೀತಾವೆ. ಉಳಿದದ್ದು ಇನ್ಸುಲಿನ್, ಕತ್ತರಿಸಿದ ತುಂಡು ಸಿ-ಪೆಪ್ಟೈಡ್. ಚೀಲದ ಒಳಗೆ ಸತು ಅಂದ್ರೆ ಜಿಂಕ್ ಪಂಪ್ ಆಗತ್ತೆ, ಆರು ಇನ್ಸುಲಿನ್ ಎರಡು ಜಿಂಕ್ ಅಯಾನಿನ ಸುತ್ತ ಗುಂಪಾಗಿ, ಅಂಥ ಗುಂಪುಗಳು ಸೇರಿ ಹರಳು ಕಟ್ಟತ್ತೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಫೋಟೋದಲ್ಲಿ ಬೀಟಾ ಸೆಲ್ ನೋಡಿದ್ರೆ ಪ್ರತಿ ಚೀಲದ ನಡುವೆ ಕಪ್ಪು ಚುಕ್ಕೆ, ಅದರ ಸುತ್ತ ಬಿಳಿ ವರ್ತುಲ, ಅದನ್ನ ಬೇರೆ ಯಾವುದೋ ಅಂದ್ಕೊಳ್ಳೋ ಹಾಗೇ ಇಲ್ಲ, ಆ ಕಪ್ಪು ಚುಕ್ಕೆನೇ ಇನ್ಸುಲಿನ್ ಹರಳು. ಹರಳಾಗಿದ್ರೆ ಕಮ್ಮಿ ಜಾಗದಲ್ಲಿ ಜಾಸ್ತಿ ಹಿಡಿಸತ್ತೆ, ನೀರು ಎಳೆದು ಚೀಲ ಊದ್ಕೊಳ್ಳಲ್ಲ, ಬೇಗ ಕೆಡೋದೂ ಇಲ್ಲ. ಹೊರಗೆ ಬಂದ ತಕ್ಷಣ ರಕ್ತದ ಪಿಎಚ್ ಬೇರೆ ಇರೋದ್ರಿಂದ ಹರಳು ಕರಗಿ ಬಿಡಿ ಬಿಡಿ ಇನ್ಸುಲಿನ್ ಆಗತ್ತೆ.

ಕತ್ತರಿಸಿದ ಸಿ-ಪೆಪ್ಟೈಡ್ ತುಂಡೂ ಅದೇ ಚೀಲದಲ್ಲೇ ಉಳಿದಿರೋದ್ರಿಂದ ಚೀಲ ತೆರೆದಾಗ ಅದೂ ಇನ್ಸುಲಿನ್ ಜೊತೆ ಒಂದಕ್ಕೊಂದು ಲೆಕ್ಕದಲ್ಲಿ ರಕ್ತಕ್ಕೆ ಬರತ್ತೆ. ಡಾಕ್ಟರು ಸಿ-ಪೆಪ್ಟೈಡ್ ಟೆಸ್ಟ್ ಬರೆಯೋದು ಇದಕ್ಕೇನೇ. ಚುಚ್ಚಿಕೊಳ್ಳೋ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರಲ್ಲ, ಹಾಗಾಗಿ ರಕ್ತದಲ್ಲಿ ಅದು ಸಿಕ್ತು ಅಂದ್ರೆ ಈ ಮನುಷ್ಯನ ಪ್ಯಾಂಕ್ರಿಯಾಸ್ ಇನ್ನೂ ತಾನೇ ಇನ್ಸುಲಿನ್ ಬಿಡ್ತಿದೆ ಅಂತ ಅರ್ಥ. ಚೀಲದೊಳಗೆ ಬಿದ್ದ ಕತ್ತರಿಯ ಗುರುತನ್ನ ಲ್ಯಾಬಿನಲ್ಲಿ ಕೂತು ಓದೋದು ಅಂದ್ರೆ ಇದೇ, ನನಗಂತೂ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದು.

ಒಂದು ಬೀಟಾ ಸೆಲ್ಲಿನಲ್ಲಿ ಇಂಥ ಚೀಲ ಸುಮಾರು 10,000 ಇರತ್ವೆ. ಆದ್ರೆ ಅಷ್ಟೂ ಬಾಗಿಲ ಹತ್ರ ನಿಂತಿರಲ್ಲ. ಹೊರಪೊರೆಗೆ ತಾಗಿ, ಈಗಲೇ ಬಿಡು ಅಂದ್ರೆ ಬಿಡೋಕೆ ರೆಡಿಯಾಗಿರೋವು ಅದರಲ್ಲಿ ತೀರಾ ಸಣ್ಣ ಪಾಲು, ಉಳಿದವೆಲ್ಲ ಒಳಗಡೆ ದಾಸ್ತಾನು. ಗ್ಲೂಕೋಸ್ ಏಕ್ದಂ ಏರಿದ್ರೆ ಮೊದಲ ಹತ್ತು ನಿಮಿಷದೊಳಗೆ ಜೋರಾಗಿ ಒಂದು ಸಲ ಇನ್ಸುಲಿನ್ ಬರತ್ತೆ, ಬಾಗಿಲಲ್ಲಿದ್ದವು ಖಾಲಿಯಾಗೋದು ಅದು, ಆಮೇಲೆ ಒಳಗಿನ ದಾಸ್ತಾನಿಂದ ನಿಧಾನಕ್ಕೆ ತುಂಬಿಕೊಳ್ತಾ ಎರಡನೇ ಹಂತ ತುಂಬಾ ಹೊತ್ತು ನಡೆಯತ್ತೆ. ಟೈಪ್ 2 ಡಯಾಬಿಟಿಸ್ ಶುರುವಾಗೋ ಹೊತ್ತಿಗೆ ಮೊದಲು ಹಾಳಾಗೋದು ಈ ಮೊದಲ ಹಂತ. ಅಂದ್ರೆ ಇನ್ಸುಲಿನ್ ತಯಾರೇ ಆಗ್ತಿಲ್ಲ ಅಂತಲ್ಲ, ಬೇಕಾದ ಹೊತ್ತಿಗೆ ಬಾಗಿಲಲ್ಲಿ ಇಲ್ಲ, ಬಾಗಿಲು ತೆಗೆಯೋ ವ್ಯವಸ್ಥೆ ಕುಂಟ್ತಿದೆ.

ಬಾಗಿಲು ತೆಗೆಯೋದು ಹೇಗೆ ಅಂದ್ರೆ, ಗ್ಲೂಕೋಸ್ ಬೀಟಾ ಸೆಲ್ ಒಳಗೆ ಹೋಗಿ ಉರಿದಾಗ ಎಟಿಪಿ, ಅಂದ್ರೆ ಸೆಲ್ಲು ಶಕ್ತಿಗೆ ಬಳಸೋ ಕಣ, ತಯಾರಾಗತ್ತೆ, ಎಟಿಪಿ ಹೆಚ್ಚಾದ್ರೆ ಪೊರೆಯಲ್ಲಿರೋ ಒಂದು ಪೊಟ್ಯಾಸಿಯಂ ಚಾನೆಲ್ ಮುಚ್ಚತ್ತೆ, ಅದು ಮುಚ್ಚಿದ್ರೆ ಸೆಲ್ಲಿನ ವೋಲ್ಟೇಜ್ ಬದಲಾಗಿ ಕ್ಯಾಲ್ಸಿಯಂ ಚಾನೆಲ್ ತೆರೆಯತ್ತೆ, ಕ್ಯಾಲ್ಸಿಯಂ ಒಳಗೆ ನುಗ್ಗಿದ್ರೆ ಚೀಲ ಬೆಸೆದುಕೊಳ್ಳತ್ತೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಥರದ ಹಳೇ ಶುಗರ್ ಮಾತ್ರೆಗಳು ಮಾಡೋದು ಆ ಪೊಟ್ಯಾಸಿಯಂ ಚಾನೆಲ್ಲನ್ನ ಡೈರೆಕ್ಟಾಗಿ ಮುಚ್ಚೋದು. ಗ್ಲೂಕೋಸ್ ಇದೆಯೋ ಇಲ್ವೋ ಅಂತ ಕೇಳೋ ಹಂತವನ್ನೇ ಹಾರಿಸಿಬಿಡ್ತಾವೆ, ಅದಕ್ಕೇ ಊಟ ತಪ್ಪಿಸಿ ಮಾತ್ರೆ ನುಂಗಿದೋರಿಗೆ ಶುಗರ್ ಲೋ ಆಗಿ ಬೆವರು, ನಡುಕ ಬರೋದು. ಈಗ ಎಲ್ಲರ ಬಾಯಲ್ಲಿರೋ ಸೆಮಾಗ್ಲುಟೈಡ್ ಥರದ ಜಿಎಲ್‌ಪಿ-1 ಔಷಧಿಗಳು ಬೇರೆ ಕಡೆಯಿಂದ ಬರ್ತಾವೆ. ಸೆಲ್ ಒಳಗೆ ಸೈಕ್ಲಿಕ್ ಎಎಂಪಿ ಅನ್ನೋ ಸಂದೇಶದ ಕಣವನ್ನ ಹೆಚ್ಚಿಸಿ, ಕ್ಯಾಲ್ಸಿಯಂ ಬಂದಾಗ ಹೆಚ್ಚು ಚೀಲಗಳು ಬೆಸೆಯೋ ಹಾಗೆ ಸಿದ್ಧ ಮಾಡ್ತಾವೆ, ಆದ್ರೆ ಕ್ಯಾಲ್ಸಿಯಂ ಬರಬೇಕಂದ್ರೆ ಗ್ಲೂಕೋಸ್ ಏರಿರಲೇಬೇಕು. ಹಸಿದಿರೋ ಹೊತ್ತಲ್ಲಿ ತಾವಾಗಿ ಬಾಗಿಲು ಒದೆಯಲ್ಲ. ತೂಕ ಇಳಿಯೋದು ಬೇರೆ ಕಥೆ, ಅದು ಹೊಟ್ಟೆ ಮತ್ತು ಮೆದುಳಿನ ಕಡೆಯದು. ಆದ್ರೆ ಶುಗರ್ ವಿಷಯದಲ್ಲಿ ಇವು ಸುರಕ್ಷಿತ ಅನ್ನೋ ಹೆಸರು ಗಳಿಸಿದ್ದಕ್ಕೆ ಒಂದು ದೊಡ್ಡ ಕಾರಣ ಸೆಲ್ಲಿನ ತಡೆಯನ್ನ ಒಡೆಯದೇ ಇರೋದು.

ಈಗ ನರದ ಕಡೆ ಬರೋಣ, ಅಲ್ಲಿ ಇದೇ ಆಟ ವಿಪರೀತ ಸ್ಪೀಡಲ್ಲಿ ನಡೆಯತ್ತೆ. 1950ರ ದಶಕದ ಶುರುವಲ್ಲಿ ಬರ್ನಾರ್ಡ್ ಕಾಟ್ಜ್ ಮತ್ತು ಜೊತೆಗಾರರು ಕಪ್ಪೆಯ ಸ್ನಾಯುವಿಗೆ ಸೂಕ್ಷ್ಮ ಎಲೆಕ್ಟ್ರೋಡ್ ಚುಚ್ಚಿ ನೋಡ್ತಿದ್ರೆ, ನರಕ್ಕೆ ಯಾವ ಸಿಗ್ನಲ್ಲೂ ಕೊಡದಿದ್ದಾಗಲೂ ಆಗಾಗ ಸಣ್ಣ ಸಣ್ಣ ವಿದ್ಯುತ್ ಮಿಡಿತ ಬರ್ತಿತ್ತು, ಹೆಚ್ಚುಕಮ್ಮಿ ಅರ್ಧ ಮಿಲಿವೋಲ್ಟ್, ಎಲ್ಲವೂ ಸುಮಾರು ಒಂದೇ ಸೈಜು. ನರಕ್ಕೆ ಸಿಗ್ನಲ್ ಕೊಟ್ಟಾಗ ಬರೋ ದೊಡ್ಡ ಮಿಡಿತ ಕೂಡ ಆ ಸಣ್ಣದರ ಪೂರ್ಣ ಗುಣಕ, ಎರಡರಷ್ಟು, ಮೂರರಷ್ಟು ಹೀಗೆ, ಎರಡೂವರೆ ಅನ್ನೋದು ಇಲ್ಲ. ಅಂದ್ರೆ ರಾಸಾಯನಿಕ ನಲ್ಲಿ ನೀರಿನ ಹಾಗೆ ಸುರಿಯೋದಲ್ಲ, ಲೆಕ್ಕ ಹಾಕಿದ ಪೊಟ್ಟಣಗಳಲ್ಲಿ ಬರತ್ತೆ. ಆ ಹೊತ್ತಿಗೇ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನರದ ತುದಿಯಲ್ಲಿ ಗುಂಪುಗುಂಪಾಗಿ ಚೀಲಗಳು ಕಾಣಿಸಿಕೊಂಡ್ವು, ಪೊಟ್ಟಣ ಅಂದ್ರೆ ಇದೇ ಇರಬೇಕು ಅನ್ನೋದು ತಾಳೆಯಾಯ್ತು. ಕಾಟ್ಜ್‌ಗೆ 1970ರಲ್ಲಿ ನೊಬೆಲ್ ಸಿಕ್ತು.

ಈ ನರದ ಚೀಲದ ಅಡ್ಡಳತೆ ಬರೀ 40 ನ್ಯಾನೋಮೀಟರ್ ಆಸುಪಾಸು. ಅದ್ರೊಳಗೆ ಸಾವಿರಾರು ರಾಸಾಯನಿಕ ಕಣ. ತುಂಬೋ ವಿಧಾನನೂ ಮಜಾ ಇದೆ. ಚೀಲದ ಪೊರೆ ಮೇಲೆ ಒಂದು ಪ್ರೋಟಾನ್ ಪಂಪು ಇದೆ, ಅದು ಎಟಿಪಿ ಖರ್ಚು ಮಾಡಿ ಒಳಗಡೆ ಹುಳಿ ಮಾಡತ್ತೆ, ಪಿಎಚ್ 5.5ರ ಹತ್ರ ಇಳಿಯತ್ತೆ. ಆಮೇಲೆ ಇನ್ನೊಂದು ಪ್ರೋಟೀನು ಒಳಗಿನ ಪ್ರೋಟಾನನ್ನ ಹೊರಗೆ ಬಿಟ್ಟು ಅದರ ಬದಲಿಗೆ ಡೋಪಮಿನ್ನೋ ಸೆರಟೋನಿನ್ನೋ ಒಳಗೆ ಎಳ್ಕೊಳ್ಳತ್ತೆ. ಸರ್ಪಗಂಧದ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ಅನ್ನೋ ಔಷಧಿ ಈ ಎರಡನೇ ಪ್ರೋಟೀನನ್ನೇ ಬ್ಲಾಕ್ ಮಾಡತ್ತೆ. ಚೀಲ ಇದೆ, ಬಾಗಿಲೂ ಸರಿ ಇದೆ, ಒಳಗೆ ಸರಕೇ ಇಲ್ಲ. ಬಿಪಿ ಇಳಿಯತ್ತೆ ಅಂತ ಅದನ್ನ ಒಂದು ಕಾಲದಲ್ಲಿ ಚೆನ್ನಾಗಿ ಬಳಸ್ತಿದ್ರು, ಕೆಲವರಲ್ಲಿ ಖಿನ್ನತೆ ಕಾಣಿಸಿಕೊಳ್ತಿದೆ ಅನ್ನೋ ವರದಿಗಳು ಬಂದು ಬಳಕೆ ಕಮ್ಮಿ ಆಯ್ತು.

ಇನ್ನು ತುಂಬಿದ ಚೀಲ ಸಿಗ್ನಲ್ ಬಂದ ಮೇಲೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಮ್ಮಿ ಹೊತ್ತಲ್ಲಿ ಬೆಸೆಯಬೇಕು. ಸಿಗ್ನಲ್ ಬಂದ ಮೇಲೆ ಹುಡುಕಾಡಿ, ಹತ್ರ ಬಂದು, ಬೆಸೆಯೋ ಮೆಷಿನ್ ಕಟ್ಕೊಂಡು ಕೂತ್ರೆ ಆಗೋ ಕೆಲಸ ಅಲ್ಲ ಇದು. ಎಲ್ಲ ಮುಂಚೆನೇ ಆಗಿರಬೇಕು, ಆಗಿದ್ರೂ ನಡೀಬಾರದು. ಹೆದೆಯೇರಿಸಿ, ಬಾಣ ಹೂಡಿ, ಕಿವಿ ತನಕ ಎಳೆದು ಹಿಡಿದಿಟ್ಟ ಬಿಲ್ಲಿನ ಸ್ಥಿತಿ ಅದು.

ಎಳೆದು ಹಿಡಿಯೋದಕ್ಕೆ ಮೂರು ಪ್ರೋಟೀನುಗಳಿವೆ, ಒಟ್ಟಾಗಿ ಸ್ನೇರ್ ಅಂತಾರೆ. ಚೀಲದ ಕಡೆಯಿಂದ ಸಿನಾಪ್ಟೋಬ್ರೆವಿನ್, ಹೊರಪೊರೆ ಕಡೆಯಿಂದ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25. ಇವು ಒಂದಕ್ಕೊಂದು ಹೆಣೆದುಕೊಂಡು ನಾಲ್ಕೆಳೆಯ ಹುರಿ ಆಗ್ತಾವೆ, ಹುರಿ ಬಿಗಿಯಾಗ್ತಾ ಹೋದ ಹಾಗೆ ಎರಡು ಪೊರೆಗಳನ್ನ ಒಂದರ ಮೇಲೊಂದು ಒತ್ತತ್ತೆ. ಕೊಬ್ಬಿನ ಪೊರೆಗಳು ತಾವಾಗಿ ಬೆಸೆಯಲ್ಲ, ಒಂದನ್ನೊಂದು ದೂರ ತಳ್ತಾವೆ, ಆ ತಳ್ಳಾಟ ಮೀರೋ ಶಕ್ತಿ ಬರೋದು ಈ ಹುರಿಯಿಂದ. ಆದ್ರೆ ಪೂರ್ತಿ ಬಿಗಿಯಾಗೋಕೆ ಮುಂಚೆ ಕಾಂಪ್ಲೆಕ್ಸಿನ್ ಅನ್ನೋ ಇನ್ನೊಂದು ಪ್ರೋಟೀನು ಅದನ್ನ ಅರ್ಧದಲ್ಲಿ ಹಿಡಿದು ನಿಲ್ಲಿಸಿರತ್ತೆ. ಚೀಲದ ಮೇಲೆ ಸಿನಾಪ್ಟೋಟ್ಯಾಗ್ಮಿನ್ ಅನ್ನೋದು ಕಾಯ್ತಾ ಇರತ್ತೆ, ಕ್ಯಾಲ್ಸಿಯಂ ಬಂದ್ರೆ ಅದು ಕ್ಯಾಲ್ಸಿಯಂ ಹಿಡ್ಕೊಂಡು ಪೊರೆಗೆ ಅಂಟಿ ತಡೆ ಬಿಡಿಸತ್ತೆ. ಕ್ಯಾಲ್ಸಿಯಂನ್ನೇ ಸಿಗ್ನಲ್ ಮಾಡ್ಕೊಂಡಿದ್ದಕ್ಕೂ ಕಾರಣ ಇದೆ, ಸುಮ್ಮನಿರೋ ಸೆಲ್ಲಿನ ಒಳಗೆ ಅದರ ಪ್ರಮಾಣ ಹೊರಗಿಗಿಂತ ಸುಮಾರು 10,000 ಪಟ್ಟು ಕಮ್ಮಿ, ಚಾನೆಲ್ ಒಂದು ಕ್ಷಣ ತೆರೆದ್ರೂ ಸಾಕು, ಅದರ ಬಾಯಿ ಹತ್ರ ಗೊತ್ತಾಗೋ ಹಾಗೆ ಏರತ್ತೆ.

ಇದನ್ನೆಲ್ಲ ಕಂಡುಹಿಡಿದ ದಾರಿಯಲ್ಲಿ ಯೀಸ್ಟ್ ಪಾತ್ರ ಜನಕ್ಕೆ ಗೊತ್ತಿಲ್ಲ. ರ‍್ಯಾಂಡಿ ಶೆಕ್‌ಮನ್ ಮತ್ತು ಪೀಟರ್ ನೋವಿಕ್ 1970ರ ದಶಕದ ಕೊನೆಯಲ್ಲಿ, ಬೆಚ್ಚಗೆ ಮಾಡಿದ್ರೆ ಸ್ರವಿಸೋದು ನಿಂತುಹೋಗೋ ಯೀಸ್ಟ್ ಮ್ಯುಟೆಂಟ್‌ಗಳನ್ನ, ಅಂದ್ರೆ ಒಂದು ಜೀನು ಬದಲಾಗಿರೋ ಯೀಸ್ಟ್‌ಗಳನ್ನ, ಹುಡುಕಿದ್ರು. ಹುಡುಕೋ ಉಪಾಯ ಚೆನ್ನಾಗಿತ್ತು, ಹೊರಗೆ ಕಳಿಸೋಕಾಗದ ಸೆಲ್ಲು ಪ್ರೋಟೀನ್ ಮಾಡ್ತಾನೇ ಹೋಗತ್ತೆ ಆದ್ರೆ ಹೊರಪೊರೆಗೆ ಹೊಸ ಪೊರೆ ಸೇರದೇ ಇರೋದ್ರಿಂದ ದೊಡ್ಡದಾಗಲ್ಲ, ಹಾಗಾಗಿ ಸಾಂದ್ರತೆ ಹೆಚ್ಚಾಗತ್ತೆ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ್ರೆ ಬೇರೆಯವಕ್ಕಿಂತ ಕೆಳಗೆ ಇಳಿಯತ್ತೆ, ಅದನ್ನ ಎತ್ಕೊಂಡ್ರಾಯ್ತು. 1980ರಲ್ಲಿ ಹೀಗೆ 23 ಜೀನುಗಳ ಪಟ್ಟಿ ಕೊಟ್ರು. ಆ ಕಡೆ ಜೇಮ್ಸ್ ರಾತ್‌ಮನ್ ಪ್ರಾಣಿಗಳ ಸೆಲ್ ಒಡೆದು ಟೆಸ್ಟ್ ಟ್ಯೂಬಿನಲ್ಲಿ ಇದೇ ಪ್ರಕ್ರಿಯೆಯನ್ನ ಮತ್ತೆ ನಡೆಸಿ ಪ್ರೋಟೀನುಗಳನ್ನ ಹೆಕ್ಕಿದ್ರು, ಎರಡೂ ಪಟ್ಟಿ ಹೋಲಿಸಿದ್ರೆ ಅದೇ ಪ್ರೋಟೀನುಗಳು. ಥಾಮಸ್ ಸೂಡಾಫ್ ಮೆದುಳಿನಲ್ಲಿ ಕ್ಯಾಲ್ಸಿಯಂ ಭಾಗ ಬಿಡಿಸಿದ್ರು. 2013ರ ನೊಬೆಲ್ ಮೂವರಿಗೂ ಸೇರಿ ಬಂತು. ಯೀಸ್ಟಿಗೂ ನಮ್ಮ ಮೆದುಳಿಗೂ ಮೂಲ ಯಂತ್ರ ಒಂದೇ, ಆದ್ರೆ ಯೀಸ್ಟು ಚೀಲ ಬಂದ ಹಾಗೆ ಬಿಡ್ತಾ ಹೋಗತ್ತೆ, ನರ ತಡೆದು ನಿಲ್ಲಿಸತ್ತೆ. ನಡುವೆ ಸೇರಿಕೊಂಡಿದ್ದು ಬ್ರೇಕು.

ಈಗ ಬೊಟಾಕ್ಸ್. ಸುಕ್ಕು ಹೋಗತ್ತೆ ಅಂತ ಹಣೆಗೆ ಚುಚ್ಚಿಸಿಕೊಳ್ಳೋ ಈ ಬೊಟುಲಿನಮ್ ಟಾಕ್ಸಿನ್ ಎ ಅನ್ನೋದು ಒಂದು ಕತ್ತರಿ. ಸ್ನ್ಯಾಪ್-25ರಲ್ಲಿ ಒಟ್ಟು 206 ಅಮೈನೋ ಆಸಿಡ್ ಇದೆ, ಅದರ ತುದಿಯಿಂದ ಬರೀ 9ನ್ನ ಕತ್ತರಿಸತ್ತೆ. ಅಷ್ಟಕ್ಕೇ ಹುರಿ ಸರಿಯಾಗಿ ಬಿಗಿಯಾಗಲ್ಲ, ಚೀಲ ಬಾಗಿಲಲ್ಲೇ ನಿಲ್ಲತ್ತೆ, ಸ್ನಾಯುವಿಗೆ ಸುದ್ದಿ ಹೋಗಲ್ಲ. ಕೆಲವು ತಿಂಗಳು, ಸಾಮಾನ್ಯವಾಗಿ ಮೂರ್ನಾಲ್ಕು, ಆಮೇಲೆ ನರ ಚೇತರಿಸಿಕೊಳ್ಳತ್ತೆ. ಅಮೆರಿಕದಲ್ಲಿ 1989ರಲ್ಲಿ ಅದಕ್ಕೆ ಮೊದಲು ಅನುಮತಿ ಸಿಕ್ಕಿದ್ದು ಮೆಳ್ಳೆಗಣ್ಣು ಮತ್ತು ಕಣ್ಣುರೆಪ್ಪೆ ಸೆಳೆತಕ್ಕೆ, ಸುಕ್ಕಿಗೆ ಬಂದಿದ್ದು 2002ರಲ್ಲಿ. ಅದು ನರದೊಳಗೆ ನುಗ್ಗೋ ದಾರಿ ಇನ್ನೂ ಕಿಲಾಡಿದು. ಚೀಲ ಹೊರಗೆ ಬಾಯಿ ತೆರೆದಾಗ ಒಳಗಿನ ಗೋಡೆಯಲ್ಲಿದ್ದ ಎಸ್‌ವಿ2 ಅನ್ನೋ ಪ್ರೋಟೀನು ಒಂದು ಕ್ಷಣ ಹೊರಗಡೆಗೆ ಕಾಣತ್ತೆ, ಟಾಕ್ಸಿನ್ ಅದನ್ನ ಹಿಡ್ಕೊಳ್ಳತ್ತೆ, ಚೀಲ ವಾಪಸ್ ಒಳಗೆ ಹೋಗುವಾಗ ಅದರ ಜೊತೆ ಒಳಗೆ. ಅಂದ್ರೆ ಹೆಚ್ಚು ಕೆಲಸ ಮಾಡ್ತಿರೋ ನರಕ್ಕೇ ಹೆಚ್ಚು ಹೊಡೆತ. ಅದೇ ಕುಟುಂಬದ ಎಸ್‌ವಿ2ಎ ಮೇಲೆ ಕೂತು ಕೆಲಸ ಮಾಡೋದು ಮೂರ್ಛೆರೋಗಕ್ಕೆ ಕೊಡೋ ಲೆವೆಟಿರಾಸಿಟಾಮ್, ಔಷಧಿ ಮಾರ್ಕೆಟ್ಟಿಗೆ ಬಂದು ಕೆಲವು ವರ್ಷ ಆದ ಮೇಲೆ 2004ರಲ್ಲಿ ಅದರ ಗುರಿ ಇದು ಅಂತ ಗೊತ್ತಾಗಿದ್ದು.

ಧನುರ್ವಾಯು ಟಾಕ್ಸಿನ್ನೂ ಇದೇ ವಂಶದ ಕತ್ತರಿ, ಸಿನಾಪ್ಟೋಬ್ರೆವಿನ್ನನ್ನ ಕತ್ತರಿಸತ್ತೆ, ಬೊಟುಲಿನಮ್ ಬಿ ಕತ್ತರಿಸೋ ಅದೇ ಜಾಗದಲ್ಲಿ, ಒಂದಿಂಚೂ ಆಚೀಚೆ ಇಲ್ಲ. ಆದ್ರೂ ಒಂದರಲ್ಲಿ ಮೈ ಸೋತು ಜೋತು ಬೀಳತ್ತೆ, ಇನ್ನೊಂದರಲ್ಲಿ ದವಡೆ ಕಚ್ಚಿಕೊಂಡು ಬೆನ್ನು ಬಿಲ್ಲಾಗಿ ಸೆಟೆಯತ್ತೆ. ವ್ಯತ್ಯಾಸ ಕತ್ತರಿಯಲ್ಲಿಲ್ಲ, ವಿಳಾಸದಲ್ಲಿದೆ. ಬೊಟುಲಿನಮ್ ಸ್ನಾಯುವಿಗೆ ಹೋಗೋ ನರದ ತುದಿಯಲ್ಲೇ ಉಳಿಯತ್ತೆ, ಧನುರ್ವಾಯು ಟಾಕ್ಸಿನ್ ಅದೇ ನರದ ಮೂಲಕ ಮೇಲೇರಿ ಬೆನ್ನುಹುರಿಯಲ್ಲಿ ಸ್ನಾಯುಗಳನ್ನ ಹದ್ದುಬಸ್ತಿನಲ್ಲಿ ಇಡೋ ನರಕೋಶಗಳ ಚೀಲ ಮುಚ್ಚತ್ತೆ. ಶಾಂತವಾಗಿರು ಅಂತ ಹೇಳೋರ ಬಾಯಿ ಕಟ್ಟಿದ್ರೆ ಸ್ನಾಯುಗಳೆಲ್ಲ ಒಟ್ಟಿಗೆ ಸೆಳೆಯೋದೇ. ಯಾವ ಚೀಲ ಅನ್ನೋದಕ್ಕಿಂತ ಯಾರ ಚೀಲ, ಎಲ್ಲಿ ಅನ್ನೋದು ಮುಖ್ಯ. ಇದನ್ನ ನೆನಪಿಡಿ, ಎಕ್ಸೋಸೋಮ್ ಮಾತಿಗೆ ಬೇಕಾಗತ್ತೆ.

ಬಿಟ್ಟ ಮೇಲೆ ವಾಪಸ್ ತಗೊಳ್ಳೋದೂ ಇದೆ, ಇಲ್ಲಾಂದ್ರೆ ಹೊರಪೊರೆ ದೊಡ್ಡದಾಗ್ತಾ ಹೋಗತ್ತೆ, ಚೀಲ ಮುಗಿದುಹೋಗತ್ತೆ. ಹಣ್ಣುನೊಣದಲ್ಲಿ ಶಿಬಿರೆ ಅನ್ನೋ ಮ್ಯುಟೆಂಟ್ ಇದೆ, ಮಾಮೂಲಿ ಬಿಸಿಯಲ್ಲಿ ಆರಾಮಾಗಿ ಹಾರಾಡ್ತಿರತ್ತೆ, ಸ್ವಲ್ಪ ಬಿಸಿ ಏರಿಸಿದ್ರೆ ಕೆಲವೇ ನಿಮಿಷದಲ್ಲಿ ಪಾರ್ಶ್ವವಾಯು ಹೊಡೆದ ಹಾಗೆ ಬಿದ್ದುಬಿಡತ್ತೆ, ತಣ್ಣಗೆ ಮಾಡಿದ್ರೆ ಎದ್ದು ಮತ್ತೆ ಓಡಾಡತ್ತೆ. ಅದರಲ್ಲಿ ಕೆಟ್ಟಿರೋದು ಡೈನಮಿನ್, ಹೊರಪೊರೆಯಿಂದ ಒಳಕ್ಕೆ ಮೊಗ್ಗಾದ ಚೀಲದ ಕುತ್ತಿಗೆ ಕತ್ತರಿಸೋ ಪ್ರೋಟೀನು. ಇದ್ದ ಚೀಲ ಖರ್ಚಾಯ್ತು, ಹೊಸದು ವಾಪಸ್ ಬರಲಿಲ್ಲ, ನರ ಮೂಕವಾಯ್ತು.

ನರ, ಪ್ಯಾಂಕ್ರಿಯಾಸ್ ಬಿಟ್ರೆ ಬೇರೆ ಕಡೆನೂ ಇದೇ ಕಥೆ ನಡೀತಿರತ್ತೆ. ಅಲರ್ಜಿಯಲ್ಲಿ ಮಾಸ್ಟ್ ಸೆಲ್‌ಗಳು ಹಿಸ್ಟಮಿನ್ ತುಂಬಿದ ಕಣಗಳನ್ನ ಒಟ್ಟಿಗೆ ಬಿಟ್ಟುಬಿಡ್ತಾವೆ, ಆಂಟಿಹಿಸ್ಟಮಿನ್ ಮಾತ್ರೆ ಆ ಬಿಡುಗಡೆಯನ್ನ ತಡೆಯಲ್ಲ, ಹೊರಗೆ ಬಂದ ಹಿಸ್ಟಮಿನ್ ಹೋಗಿ ಕೂರೋ ಜಾಗವನ್ನ ಮುಚ್ಚತ್ತೆ ಅಷ್ಟೇ. ರಕ್ತನಾಳದ ಒಳಪದರದ ಸೆಲ್‌ಗಳು ರಕ್ತ ಹೆಪ್ಪುಗಟ್ಟೋಕೆ ಬೇಕಾದ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರನ್ನ ಉದ್ದುದ್ದ ಚೀಲಗಳಲ್ಲಿ ಇಟ್ಟಿರ್ತಾವೆ. ಆ ಫ್ಯಾಕ್ಟರ್ ಸ್ವಲ್ಪ ಕಮ್ಮಿ ಇರೋರಿಗೆ ಆಪರೇಷನ್ನಿಗೆ ಮುಂಚೆ ಡೆಸ್ಮೋಪ್ರೆಸಿನ್ ಕೊಡೋದುಂಟು, ಅದು ಹೊಸದೇನೂ ಮಾಡಲ್ಲ, ಇರೋ ದಾಸ್ತಾನಿನ ಬಾಗಿಲು ತೆಗೆಸತ್ತೆ. ಅದಕ್ಕೇ ಮೇಲಿಂದ ಮೇಲೆ ಕೊಟ್ರೆ ಪರಿಣಾಮ ಇಳೀತಾ ಹೋಗತ್ತೆ, ಉಗ್ರಾಣ ಖಾಲಿ. ಇನ್ನು ವೈರಸ್ ಹಿಡಿದ ಸೆಲ್‌ಗಳನ್ನ ಕೊಲ್ಲೋ ಟಿ ಸೆಲ್‌ಗಳ ಹತ್ರ ವಿಷ ತುಂಬಿದ ಕಣ ಇರತ್ತೆ, ಮಂಕ್13-4 ಅನ್ನೋ ಪ್ರೋಟೀನು ಹುಟ್ಟಿನಿಂದಲೇ ಕೆಟ್ಟಿರೋ ಮಕ್ಕಳಲ್ಲಿ ಆ ಕಣ ಗುರಿಯ ಎದುರಿಗೇ ನಿಂತಿರತ್ತೆ, ಬೆಸೆಯಲ್ಲ. ಶತ್ರು ಸಾಯಲ್ಲ, ಹಾಗಾಗಿ ಹೋರಾಟ ನಿಲ್ಲಿಸೋ ಸೂಚನೆನೂ ಸಿಗಲ್ಲ, ರೋಗನಿರೋಧಕ ವ್ಯವಸ್ಥೆ ಕೆರಳಿ ಮಗುವಿನ ಪ್ರಾಣಕ್ಕೇ ಬರತ್ತೆ.

ಇಷ್ಟು ಗೊತ್ತಾದ ಮೇಲೆ ಎಕ್ಸೋಸೋಮ್ ಕಡೆ ತಿರುಗಿ ನೋಡಿದ್ರೆ ಅದು ಬೇರೆ ಜಾತಿ ಅಂತ ತಿಳಿಯತ್ತೆ. ಇಲ್ಲಿ ತನಕ ಹೇಳಿದ್ದರಲ್ಲಿ ಚೀಲದ ಪೊರೆ ಸೆಲ್ಲಿನಲ್ಲೇ ಉಳಿಯತ್ತೆ, ಸರಕು ಮಾತ್ರ ಹೊರಗೆ. ಎಕ್ಸೋಸೋಮ್‌ನಲ್ಲಿ ಚೀಲವೇ ಇಡಿಯಾಗಿ ಹೊರಗೆ ಹೋಗತ್ತೆ. ಒಂದು ದೊಡ್ಡ ಚೀಲದ ಗೋಡೆ ಒಳಕ್ಕೆ ಮೊಗ್ಗಾಗಿ ಅದರೊಳಗೆ ಸಣ್ಣ ಸಣ್ಣ ಚೀಲಗಳಾಗ್ತಾವೆ, ದೊಡ್ಡದು ಹೊರಪೊರೆಗೆ ಬೆಸೆದಾಗ ಒಳಗಿದ್ದ ಸಣ್ಣವು ಹೊರಗೆ ಚೆಲ್ಲತ್ವೆ, ಸೈಜು 30ರಿಂದ 150 ನ್ಯಾನೋಮೀಟರ್. 1983ರಲ್ಲಿ ಇದನ್ನ ಎರಡು ಲ್ಯಾಬುಗಳು ಎಳೆಯ ಕೆಂಪು ರಕ್ತಕಣಗಳಲ್ಲಿ ನೋಡಿದ್ವು, ಒಂದು ಇಲಿಯಲ್ಲಿ, ಇನ್ನೊಂದು ಕುರಿಯಲ್ಲಿ. ಕಣ ಬಲಿಯುವಾಗ ತನಗಿನ್ನು ಬೇಡದ ಪ್ರೋಟೀನನ್ನ ಹೀಗೆ ಆಚೆ ಹಾಕ್ತಿತ್ತು. ಅದಕ್ಕೇ ತುಂಬಾ ವರ್ಷ ಇದನ್ನ ಸೆಲ್ಲಿನ ಕಸ ಅಂತಲೇ ಬಹಳ ಜನ ತಳ್ಳಿಹಾಕಿದ್ರು. 2007ರಲ್ಲಿ ಸ್ವೀಡನ್ನಿನ ಒಂದು ತಂಡ ಇದರಲ್ಲಿ ಜೀನಿನ ಸಂದೇಶ ಹೊರೋ ಆರ್‌ಎನ್‌ಎ ಇದೆ, ಬೇರೆ ಸೆಲ್ಲಿಗೆ ಹೋಗಿ ಕೆಲಸನೂ ಮಾಡಬಹುದು ಅಂತ ತೋರಿಸಿದ ಮೇಲೆ ಕಸಕ್ಕೆ ಏಕ್ದಂ ಬೆಲೆ ಬಂತು.

ಆ ಸಂಶೋಧನೆ ಸುಳ್ಳಲ್ಲ. ಸೆಲ್‌ಗಳು ಹೀಗೂ ಮಾತಾಡ್ಕೊಳ್ತಾವೆ ಅನ್ನೋದಕ್ಕೆ ಆಧಾರ ಬೇಕಾದಷ್ಟಿದೆ. ತಕರಾರು ಇರೋದು ಅಲ್ಲಿಂದ ಸೀರಿಂಜಿಗೆ ಹಾರಿದ್ದರ ಬಗ್ಗೆ. ನರದ ಚೀಲ ಎಷ್ಟು ಕರಾರುವಾಕ್ಕು ಅಂದ್ರೆ ಎದುರಿನ ಸೆಲ್ಲು ಮಿಲಿಮೀಟರಿನ ಲಕ್ಷದ ಕೆಲವು ಪಾಲಿನಷ್ಟು ದೂರದಲ್ಲಿ ಕಾಯ್ತಿರತ್ತೆ, ಸಿಗ್ನಲ್ ಬಂದ್ರೆ ಮಾತ್ರ ಬಿಡುಗಡೆ. ರಕ್ತಕ್ಕೆ ಚುಚ್ಚಿದ ಎಕ್ಸೋಸೋಮಿಗೆ ಇದ್ಯಾವುದೂ ಇಲ್ಲ, ಪ್ರಾಣಿಗಳಲ್ಲಿ ನೋಡಿದ್ರೆ ಬಹುಪಾಲು ಸ್ವಲ್ಪ ಹೊತ್ತಲ್ಲೇ ಲಿವರ್ ಮತ್ತು ಗುಲ್ಮದ ಪಾಲಾಗತ್ತೆ. ಒಳಗಿನ ಸರಕಿನ ಲೆಕ್ಕನೂ ಸಣ್ಣದು, 2014ರಲ್ಲಿ ಎಣಿಸಿ ನೋಡಿದಾಗ ಹೇರಳವಾಗಿದೆ ಅಂದ್ಕೊಂಡಿದ್ದ ಮೈಕ್ರೋ ಆರ್‌ಎನ್‌ಎ ಅನ್ನೋ ಪುಟ್ಟ ಆರ್‌ಎನ್‌ಎ ಕೂಡ ಸರಾಸರಿ ಒಂದು ಎಕ್ಸೋಸೋಮಿಗೆ ಒಂದು ಕಾಪಿಯೂ ಇರಲಿಲ್ಲ. ಸಿಕ್ಕ ಸೆಲ್ಲು ಅದನ್ನ ನುಂಗಿದ್ರೂ ಬಹುಪಾಲು ಹೋಗೋದು ಲೈಸೋಸೋಮಿಗೆ, ಅಂದ್ರೆ ಅರಗಿಸೋ ಕೋಣೆಗೆ. ಅದರ ಗೋಡೆ ದಾಟಿ ಸರಕು ಸೆಲ್ಲಿನ ಒಳದ್ರವಕ್ಕೆ ಇಳಿಯಬೇಕಂದ್ರೆ ಅಲ್ಲೂ ಪೊರೆ ಬೆಸೆಯಲೇಬೇಕು, ಮೊದಲೇ ಹೇಳಿದ ಹಾಗೆ ಪೊರೆಗಳು ಸುಮ್ಮಸುಮ್ಮನೆ ಬೆಸೆಯಲ್ಲ.

ಬಾಟ್ಲಿಯಲ್ಲಿ ಇರೋದು ಎಕ್ಸೋಸೋಮೇನಾ ಅನ್ನೋದೇ ಇನ್ನೊಂದು ತಲೆನೋವು. ರಕ್ತದಲ್ಲಿರೋ ಕೊಬ್ಬಿನ ಕಣಗಳಲ್ಲಿ ಎಷ್ಟೋ ಇದೇ ಸೈಜಿನವು, ಸೆಲ್ಲಿನ ಹೊರಪೊರೆ ನೇರವಾಗಿ ಉದುರಿಸೋ ಚೀಲಗಳೂ ಇದೇ ಸೈಜಿನಲ್ಲಿ ಸಿಗ್ತಾವೆ, ಮೆಷಿನ್ನು ಕಣ ಎಣಿಸಿ ಕೋಟಿಗಟ್ಟಲೆ ಇದೆ ಅಂದ್ರೆ ಅದು ಯಾವುದರ ಎಣಿಕೆ ಅಂತ ತಾನಾಗಿ ತಿಳಿಯಲ್ಲ. ಈ ಕ್ಷೇತ್ರದ ಅಂತರರಾಷ್ಟ್ರೀಯ ಸೊಸೈಟಿ 2014ರಲ್ಲಿ, 2018ರಲ್ಲಿ, ಮತ್ತೆ 2023ರ ಹೆಸರಲ್ಲಿ ಕನಿಷ್ಠ ಏನೇನು ತೋರಿಸಬೇಕು ಅಂತ ನಿಯಮಾವಳಿ ಬರೆದಿದ್ದು ಇದಕ್ಕೇನೇ, ಎಲ್ಲಿ ಹುಟ್ಟಿದ್ದು ಅಂತ ಸಾಬೀತು ಮಾಡದೇ ಎಕ್ಸೋಸೋಮ್ ಅಂತ ಕರೀಬೇಡಿ ಅನ್ನೋದು ಅವರ ನಿಲುವು. ಸಂಶೋಧಕರೇ ಇಷ್ಟು ಹಿಂಜರಿಯೋ ಕಡೆ ಬ್ರೋಶರುಗಳಿಗೆ ಯಾವ ಹಿಂಜರಿಕೆನೂ ಇಲ್ಲ. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಲ್ಲಿನ ನೆಬ್ರಾಸ್ಕಾ ರಾಜ್ಯದಲ್ಲಿ ಎಕ್ಸೋಸೋಮ್ ಅಂತ ಮಾರಿದ ಅನುಮತಿ ಇಲ್ಲದ ಉತ್ಪನ್ನ ತಗೊಂಡವರಿಗೆ ಗಂಭೀರ ತೊಂದರೆ ಆಗಿದೆ, ತಾನು ಒಪ್ಪಿಗೆ ಕೊಟ್ಟ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲ ಅಂತ ಸಾರ್ವಜನಿಕವಾಗಿ ಎಚ್ಚರಿಸಿತು.

ಯಾರಾದ್ರೂ ಇದನ್ನ ನಿಮಗೆ ಮಾರೋಕೆ ಬಂದ್ರೆ ಯಾವ ಸೆಲ್ಲಿಂದ ಬಂದಿದ್ದು, ಒಳಗೆ ಏನಿದೆ, ನನ್ನ ಯಾವ ಸೆಲ್ಲಿಗೆ ಹೋಗತ್ತೆ, ಹೋದ ಮೇಲೆ ಬಾಗಿಲು ಹೇಗೆ ತೆರೆಯತ್ತೆ ಅಂತ ಕೇಳಿ. ಬೊಟಾಕ್ಸಿನ ವಿಷಯದಲ್ಲಿ ಯಾವ ಅಮೈನೋ ಆಸಿಡ್ ಹತ್ರ ಕತ್ತರಿ ಬೀಳತ್ತೆ ಅನ್ನೋ ತನಕ ಉತ್ತರ ಸಿಗತ್ತೆ, ಇಲ್ಲಿ ಮೊದಲ ಪ್ರಶ್ನೆಗೇ ತಡವರಿಸ್ತಾರೆ.

ಸದ್ಯಕ್ಕೆ ಈ ಚೀಲಗಳು ನಿಜಕ್ಕೂ ಉಪಯೋಗಕ್ಕೆ ಬರ್ತಿರೋದು ಚುಚ್ಚೋದಕ್ಕಲ್ಲ, ಓದೋದಕ್ಕೆ. ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನ ಇದ್ದಾಗ ಮೂತ್ರದಲ್ಲಿ ಸಿಗೋ ಎಕ್ಸೋಸೋಮಿನ ಆರ್‌ಎನ್‌ಎ ನೋಡಿ, ಬಯಾಪ್ಸಿಗೆ ಸೂಜಿ ಹಾಕಬೇಕಾ ಬೇಡವಾ ಅಂತ ಅಂದಾಜು ಮಾಡೋ ಟೆಸ್ಟು ಆಗಲೇ ಬಳಕೆಯಲ್ಲಿದೆ. ಅಲ್ಲಿ ಚೀಲ ಯಾವ ಸೆಲ್ಲಿಗೂ ನುಗ್ಗಬೇಕಿಲ್ಲ, ಯಾವ ಪೊರೆಯನ್ನೂ ಬೆಸೆಯಬೇಕಿಲ್ಲ, ಹುಟ್ಟಿದ ಸೆಲ್ಲಿನ ಗುರುತು ಒಳಗಿಟ್ಟುಕೊಂಡು ಲ್ಯಾಬ್ ತನಕ ಬಂದ್ರೆ ಸಾಕು.